ತುತ್ತೂರಿ ಮಾಮನ ಮುಂದಿನ ಹಲ್ಲು

ತಮ್ಮ ತುತ್ತೂರಿ ತಾವೇ ಊದಿಕೊಳ್ಳುವವರಿಗೆ ಎಲ್ಲಿಯೂ ಬರವಿಲ್ಲ. ನಮ್ಮ ಬೀದಿಯ ತುತ್ತೂರಿ ಮಾಮ ಮಾತ್ರ ಅದನ್ನು ಸಂಬಳಕ್ಕೆ ಊದುತ್ತಿದ್ದ. ಬ್ಯಾಂಡ್ ಸೆಟ್ಟಿನ ಮೊದಲ ಸಾಲು ಅವನದೇ. ಅವನು ಕೆನ್ನೆ ಉಬ್ಬಿಸಿದರೆ ಮೇಲಿನ ಮಹಡಿಯ ಕಿಟಕಿಗಳೂ ತೆರೆದುಕೊಳ್ಳುತ್ತಿದ್ದವು.

ಬ್ಯಾಂಡಿನವರಲ್ಲಿ ಒಂದು ಹುಚ್ಚು ನಂಬಿಕೆಯಿತ್ತು. ಊದಿ ಊದಿ ಒಸಡಿನಲ್ಲಿ ರಕ್ತ ಬಂದರೆ ವಿದ್ಯೆ ಮೈಗೂಡಿತು ಎಂದರ್ಥ. ತುತ್ತೂರಿಯ ಹಿತ್ತಾಳೆ ಬಾಯಿ ತುಟಿಯನ್ನು ಹಲ್ಲಿಗೆ ಒತ್ತುತ್ತದಲ್ಲ, ರಕ್ತ ಅದರಿಂದಲೇ ಎಂದುಕೊಂಡಿದ್ದರು. ಮಾಮನಿಗೆ ವರ್ಷಗಟ್ಟಲೆ ರಕ್ತ ಬಂತು. ಬ್ರಷ್ ತಾಗಿದರೆ ಇನ್ನೂ ಹೆಚ್ಚಾಗುತ್ತದೆಂದು ಮುಂದಿನ ಹಲ್ಲು ಉಜ್ಜುವುದನ್ನೇ ಬಿಟ್ಟ. ತುತ್ತೂರಿ ಕಲಿಯುತ್ತಿದ್ದ ಮಗಳು ಒಂದು ಬೆಳಿಗ್ಗೆ ಬೇಸಿನ್ನಿನಲ್ಲಿ ಕೆಂಪಗೆ ಉಗುಳಿ ಹೆದರಿದಾಗ, ಅವನು ಹಿಗ್ಗಿ ಹೀರೇಕಾಯಿಯಾದ.

"ಹೆದರ್ಬೇಡ ಕಂದಾ. ಈಗ ನೀನು ನಮ್ಮವಳಾದೆ. ಅಲ್ಲಿ ಬ್ರಷ್ ಆಡಿಸ್ಬೇಡ, ಅಷ್ಟೇ."

ಮುಂದೊಂದು ಮೆರವಣಿಗೆಯಲ್ಲಿ, ಸ್ವರ ಮೇಲಕ್ಕೇರುವಾಗಲೇ, ಮಾಮನ ಮುಂದಿನ ಹಲ್ಲುಗಳು ಅಲ್ಲಾಡಿ ಸ್ವರ ಸೀಳಿಹೋಯಿತು. ಹೆಂಡತಿ ಅವನ ಒಂದು ಮಾತನ್ನೂ ಕೇಳದೆ ಹಲ್ಲಿನ ಡಾಕ್ಟರಮ್ಮನ ಬಳಿ ಎಳೆದೊಯ್ದಳು.

ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. "ಇದು ತುತ್ತೂರಿ ಮಾಡಿದ್ದಲ್ಲ, ಒಸಡಿನ ರೋಗ. ಕೊಳೆ ಕೂತು ಕಲ್ಲಾಗಿದೆ, ಒಸಡು ಹಲ್ಲನ್ನ ಬಿಟ್ಟಿದೆ, ಸುತ್ತಲಿನ ಮೂಳೆ ಕರಗಿದೆ. ಹಲ್ಲು ಗಟ್ಟಿಯಾಗೇ ಇದೆ, ಹಿಡ್ಕೊಳ್ಳೋಕೆ ಮೂಳೆ ಇಲ್ಲ."

"ಮತ್ತೆ ಬೆಳೆಯಲ್ವಾ?" ಮಾಮ ಕೇಳಿದ.

"ಇಷ್ಟೊಂದು ಹೋದ್ಮೇಲೆ ಕಷ್ಟ."

"ರಕ್ತ ಬರೋಕೆ ಶುರುವಾದಾಗ್ಲೇ ಬಂದಿದ್ರೆ?"

"ಕ್ಲೀನ್ ಮಾಡಿ, ಸರಿಯಾಗಿ ಉಜ್ಜೋದು ಹೇಳ್ಕೊಟ್ಟು ಕಳಿಸ್ತಿದ್ದೆ."

ಮಾಮ ತನ್ನ ಹಲ್ಲಿನ ಬಗ್ಗೆ ಮತ್ತೇನೂ ಕೇಳದೆ ಕುರ್ಚಿಯಿಂದ ಇಳಿದ. "ಸ್ವಲ್ಪ ಇರಿ, ಮಗಳನ್ನ ಕರ್ಕೊಂಡ್ ಬರ್ತೀನಿ" ಎಂದವನೇ ಡಾಕ್ಟರಮ್ಮ ಕೊರಳಿಗೆ ಕಟ್ಟಿದ್ದ ಬಟ್ಟೆಯನ್ನೂ ಬಿಚ್ಚದೆ ಬೀದಿಗಿಳಿದು ಓಡಿದ. ದಾರಿಯಲ್ಲಿ ಜನ ನಕ್ಕರು. ಪಾಪ, ಅವನಿಗೆ ಅದರ ಪರಿವೆಯೇ ಇರಲಿಲ್ಲ.

ಮಗಳ ಒಸಡು ಊದಿತ್ತು, ಮೂಳೆಗೆ ಏನೂ ಆಗಿರಲಿಲ್ಲ. ಮಾಮನ ಮುಂದಿನ ಹಲ್ಲುಗಳನ್ನು ಕೀಳಲೇಬೇಕಾಯಿತು. ಕಟ್ಟಿಸಿದ ಹಲ್ಲಿಗೆ ತುತ್ತೂರಿ ಒಗ್ಗಲಿಲ್ಲ. ಈಗ ಅವನು ಕೊನೆಯ ಸಾಲಿನಲ್ಲಿ ದೊಡ್ಡ ಡ್ರಮ್ ಬಾರಿಸುತ್ತಾನೆ, ಮೊದಲ ಸಾಲಿನಲ್ಲಿ ಮಗಳು ಊದುತ್ತಾಳೆ. ಬೇಜಾರಿಲ್ಲವೆಂದರೆ ಸುಳ್ಳಾದೀತು.

ಬೆಳಿಗ್ಗೆ ಅವಳು ಹಲ್ಲುಜ್ಜುವಾಗ ಬಚ್ಚಲಿನ ಬಾಗಿಲಲ್ಲಿ ಅವನು ನಿಂತಿರಲೇಬೇಕು.

"ಅಪ್ಪಾ, ನಾನೇನು ಚಿಕ್ಕ ಮಗುನಾ?"

"ಉಗುಳು, ನೋಡ್ತೀನಿ."

ಅವಳು ಉಗುಳುತ್ತಾಳೆ. ಮಾಮ ಬೇಸಿನ್ನಿಗೆ ಬಗ್ಗಿ ನೋಡುತ್ತಾನೆ.

"ಬೆಳ್ಳಗಿದೆ. ಹೋಗು, ಇನ್ನು ಊದ್ಕೋ."