ಗೇಟ್‌ಪಾಸಿಗೊಂದು ಕಾರಣ

ಗುಂಡಿಯಕ್ಕನನ್ನು ಅರಿಯದವರು ನಮ್ಮ ಅಂಗಿ ಕಾರ್ಖಾನೆಯಲ್ಲಿ ಇರಲಿಲ್ಲ. ಹನ್ನೊಂದು ವರ್ಷ ಗುಂಡಿ ಹಾಕುವ ಯಂತ್ರದ ಮುಂದೆ ಕೂತವಳು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಹಿಂದಿನ ವರ್ಷ ಒಂದು ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಯಾಕೆ ಅಂತ ಆಗ ಯಾರೂ ಅವಳ ರಕ್ತ ನೋಡಿರಲಿಲ್ಲ. ಮತ್ತೆ ಬಸಿರಾಗಿ ಐದು ತಿಂಗಳು ತುಂಬಿದಾಗ ನೋಡಿದರು. ಸಿಫಿಲಿಸ್. ಗೋಡೆಗಳ ಮೇಲೆ ಗುಪ್ತರೋಗ ಎಂದು ಬರೆದಿರುತ್ತಾರಲ್ಲ, ಅದರಲ್ಲೊಂದು.

"ಹೆದರ್ಬೇಡಮ್ಮ, ಪೆನಿಸಿಲಿನ್‌ಗೆ ಬಗ್ಗೋ ಕಾಯಿಲೆ ಇದು," ಎಂದರು ಆಸ್ಪತ್ರೆಯ ಸಿಸ್ಟರ್. "ಮೂರು ಮಂಗಳವಾರ, ಮೂರು ಇಂಜೆಕ್ಷನ್. ಒಂದು ವಾರ ತಪ್ಪಿದ್ರೂ ಮತ್ತೆ ಮೊದಲಿಂದ. ತಡ ಆದಷ್ಟೂ ಮಗುಗೆ ಅಪಾಯ. ಯಜಮಾನ್ರೂ ತಗೋಬೇಕು."

ಯಜಮಾನ ಮನೆಗೆ ಬಣ್ಣ ಹೊಡೆಯುವವನು. ತಲೆ ತಗ್ಗಿಸಿ, "ಎರಡು ವರ್ಷದ ಹಿಂದೆ ಹೊರಗೂರಿಗೆ ಹೋದಾಗ ಒಂದು ಹುಣ್ಣಾಗಿತ್ತು. ತಾನೇ ಮಾಯ್ತು ಕಣೇ, ಮರ್ತೇಬಿಟ್ಟೆ," ಎಂದ.

"ಮರ್ತೋರು ನೀವು, ಹೊತ್ತೋಳು ನಾನು."

ಅವನು ಮೂರು ಮಂಗಳವಾರವೂ ಏಣಿ ಇಳಿದು, ಮೇಸ್ತ್ರಿಗೆ "ಸ್ವಲ್ಪ ಕೆಲ್ಸ ಇದೆ" ಎಂದು ಹೇಳಿ, ಇಂಜೆಕ್ಷನ್ ಚುಚ್ಚಿಸಿಕೊಂಡು ಬಂದ. ಯಾವ ಕೆಲಸ ಅಂತ ಒಬ್ಬನೂ ಕೇಳಲಿಲ್ಲ. ರೋಗ ತಂದವನಿಗೆ ಇಷ್ಟು ಸಲೀಸು.

ಅವಳಿಗೆ ಗೇಟ್‌ಪಾಸ್ ಬೇಕು. ಪಾಸಿನ ಪುಸ್ತಕ ಗೇಟಿನ ಹತ್ತಿರ ದಾರಕ್ಕೆ ತೂಗುಬಿದ್ದಿರುತ್ತದೆ. ಅದರಲ್ಲಿ 'ಕಾರಣ' ಎಂಬ ಕಾಲಂ. ಸಾಲಿನಲ್ಲಿ ನಿಂತವರೆಲ್ಲ ಅದನ್ನು ಓದಿಕೊಂಡೇ ಮುಂದೆ ಹೋಗುವುದು. ಯಾರಿಗೆ ಮುಟ್ಟು ನಿಂತಿಲ್ಲ, ಯಾರ ಗಂಡ ಓಡಿಹೋದ, ಎಲ್ಲ ಅಲ್ಲೇ. ನಾವು ಕಾರ್ಮಿಕ ಸಂಘದವರು ಊಟದ ಬಿಡುವಿಗಾಗಿ, ಓವರ್‌ಟೈಮ್ ಕೂಲಿಗಾಗಿ ಗೇಟು ಮುಚ್ಚಿ ಕೂತವರು, ಈ ಕಾಲಂ ಅನ್ನು ಸಣ್ಣ ವಿಷಯ ಅಂತ ಬಿಟ್ಟಿದ್ದೆವು. ಸಣ್ಣದಾಗಿದ್ದದ್ದು ನಮ್ಮ ತಲೆ.

ಗುಂಡಿಯಕ್ಕ ಎರಡು ವಾರ 'ಹಲ್ಲುನೋವು' ಎಂದು ಬರೆದಳು. ಮೂರನೆಯ ಮಂಗಳವಾರ ಸೂಪರ್‌ವೈಸರ್ ಹಲ್ಲು ಕಿರಿದ.

"ಹೊರಗೆ ಯಾಕಮ್ಮ ಅಲೀತೀಯ? ಇವತ್ತು ಕಂಪ್ನಿಯೋರೇ ಹಲ್ಲಿನ ಡಾಕ್ಟ್ರನ್ನ ಕರ್ಸಿದಾರೆ. ಹೋಗಿ ಕೂತ್ಕೋ."

ಕೂತಳು. ಹಿಂದಿನ ದವಡೆಯಲ್ಲಿ ಚೂರು ಹುಳುಕಿತ್ತು. "ಇದೇನಾ?" ಎಂದರು ಡಾಕ್ಟರು. ಹೌದೆಂದಳು. ನೋಯದ ಹಲ್ಲನ್ನು ಕೀಳಿಸಿಕೊಂಡಳು, ಕಾಯಿಲೆಯ ಹೆಸರು ಮಾತ್ರ ಬಾಯಿಂದ ಬರಲಿಲ್ಲ. ಹತ್ತಿ ಕಚ್ಚಿಕೊಂಡು ಯಂತ್ರಕ್ಕೆ ಮರಳುವ ಹೊತ್ತಿಗೆ ಆಸ್ಪತ್ರೆಯ ಇಂಜೆಕ್ಷನ್ ಕೋಣೆಗೆ ಬೀಗ ಬಿದ್ದಿತ್ತು.

ವಾರದ ರಜೆಯ ದಿನ ಬಂದ ಕೂಡಲೇ ಆಸ್ಪತ್ರೆಗೆ ಓಡಿ ಹೋಗಿ ಕೇಳಿದಳು. ಸಿಸ್ಟರ್ ಚೀಟಿ ತಿರುವಿ, "ದಿನ ಮೀರಿದೆ. ಮಂಗಳವಾರದಿಂದ ಮತ್ತೆ ಒಂದನೇದು," ಎಂದರು. ಹೊಟ್ಟೆಗೆ ಆರು ತಿಂಗಳಾಗುತ್ತಿತ್ತು. ಒಳಗಿನದು ಒದೆಯುತ್ತಿತ್ತು.

ಮಂಗಳವಾರ ಅವಳು ಪುಸ್ತಕ ಎಳೆದುಕೊಂಡು ದಪ್ಪಕ್ಷರದಲ್ಲಿ ಬರೆದಳು: 'ಸಿಫಿಲಿಸ್‌ಗೆ ಇಂಜೆಕ್ಷನ್. ಮೂರು ವಾರ.'

ಸೂಪರ್‌ವೈಸರ್ ಓದಿ ಅತ್ತಿತ್ತ ನೋಡಿದ. "ಥೂ, ಇದನ್ನೆಲ್ಲ ಇಲ್ಲಿ ಬರೀತಾರೇನಮ್ಮ?"

"ಕಾರಣ ಬರೀರಿ ಅಂದೋರು ನೀವೇ ತಾನೆ ಅಣ್ಣ? ಸಹಿ ಹಾಕಿ. ಕೈಗೇನೂ ಅಂಟಲ್ಲ."

ಹಾಕಿದ. ಇಂಜೆಕ್ಷನ್ ಮಾಡಿಸಿಕೊಂಡು ಬಂದು ಮಧ್ಯಾಹ್ನ ಊಟಕ್ಕೆ ಕೂತಾಗ ಪಕ್ಕದ ಕಾಲರ್ ಹೊಲಿಯುವವಳು ತನ್ನ ನೀರಿನ ಲೋಟ ಎತ್ತಿ ಆಚೆ ಇಟ್ಟಳು. ಹನ್ನೊಂದು ವರ್ಷ ಒಂದೇ ಬುತ್ತಿಯಲ್ಲಿ ಉಂಡವಳು.

"ಲೋಟದಿಂದ ಬರೋ ಕಾಯಿಲೆ ಅಲ್ಲ ಕಣೇ, ಗಂಡನಿಂದ ಬಂದದ್ದು. ನಿನ್ನೋನೂ ಹೊರಗೂರಿಗೆ ಹೋಗ್ತಾನಲ್ಲ, ಒಂದ್ಸಲ ರಕ್ತ ತೋರ್ಸು," ಎಂದು ಗುಂಡಿಯಕ್ಕ ಲೋಟ ಎಳೆದುಕೊಂಡು ಕುಡಿದಳು.

ಮಾರನೇ ದಿನ ನಾವು ಆ ಪುಸ್ತಕದ ಮೇಲೆ ಜಗಳಕ್ಕೆ ನಿಂತೆವು. ಎರಡು ತಿಂಗಳು ಎಳೆದಾಡಿ ಮ್ಯಾನೇಜರು ಆ ಕಾಲಂಗೆ 'ವಿವರ' ಎಂದು ಹೆಸರು ಬದಲಿಸಿ, ಬೇಡಿಕೆ ಈಡೇರಿಸಿದ್ದೇವೆ ಎಂದು ನೋಟೀಸು ಅಂಟಿಸಿದ. ಆ ಜಗಳ ಇನ್ನೂ ಮುಗಿದಿಲ್ಲ.

ಗುಂಡಿಯಕ್ಕ ಮೂರೂ ಮಂಗಳವಾರ ಹೋದಳು. ದಿನ ತುಂಬಿ ಹೆಣ್ಣು ಹುಟ್ಟಿತು. ಹುಟ್ಟಿದ ದಿನವೂ, ಮೂರು ತಿಂಗಳಿಗೂ ಮಗುವಿನ ರಕ್ತ ನೋಡಿದರು. ಎರಡನೆಯ ಸಲ ಸಿಸ್ಟರ್ ಚೀಟಿ ಕೊಟ್ಟು, "ಏನೂ ಇಲ್ಲಮ್ಮ, ಎತ್ಕೊಂಡು ಹೋಗು," ಎಂದರು. ಅವಳು ಅಲ್ಲೇ ಬೆಂಚಿನ ಮೇಲೆ ಕೂತು, ಚೀಟಿ ಎರಡು ಸಲ ಓದಿ, ಮಗುವಿಗೆ ಹಾಲು ಕೊಟ್ಟೇ ಎದ್ದಳು.