ಸಿದ್ದೇಶ ಬಿಡಿಸಿದ ಲೆಕ್ಕ

ಎಪ್ಪತ್ತರ ದಶಕದ ಆ ದಿನಗಳಲ್ಲಿ ಬೂಟು ಹಾಕಿಕೊಂಡು ಶಾಲೆಗೆ ಹೋಗುವ ಹುಡುಗನನ್ನು ಕಡೂರಿನ ಜನ ತಿರುಗಿ ನೋಡುತ್ತಿದ್ದರು. ಅಪ್ಪನ ಕೊಬ್ಬರಿ ಮಂಡಿಯ ಪಕ್ಕದಲ್ಲೇ ಹೊಸ ಖಾಸಗಿ ಶಾಲೆ ಶುರುವಾಗಿತ್ತು. ನಾನು ಅಲ್ಲಿ ಆರನೇ ಕ್ಲಾಸು. ಮಂಡಿಯಲ್ಲಿ ಕಾಯಿ ಸುಲಿಯುತ್ತಿದ್ದ ಕರಿಯಮ್ಮನ ಮಗ ಸಿದ್ದೇಶ ಸರ್ಕಾರಿ ಶಾಲೆಯಲ್ಲಿ ಆರನೇ ಕ್ಲಾಸು. ಸಂಜೆ ಮೂಟೆಗಳ ಸಂದಿಯಲ್ಲಿ ಗೋಲಿ ಆಡುತ್ತಿದ್ದೆವು. ನನ್ನ ಲೆಕ್ಕಗಳನ್ನೆಲ್ಲ ಅವನೇ ಮಾಡಿಕೊಡುತ್ತಿದ್ದ. ಅದಕ್ಕೆ ಒಂದು ತುಂಡು ಕೊಬ್ಬರಿ, ಚೂರು ಬೆಲ್ಲ.

ಶಾಲೆಗೆ ಮಾನ್ಯತೆ ಕೊಡಲು ಇನ್‌ಸ್ಪೆಕ್ಟರು ಬರುವ ದಿನ ಹೆಡ್‌ಮಾಸ್ತರು ದಡ್ಡರನ್ನೆಲ್ಲ ನಮ್ಮ ಗೋದಾಮಿಗೆ ಅಟ್ಟಿದರು. ನಾನೇ ಮೊದಲನೆಯವ. ನನ್ನ ಜಾಗದಲ್ಲಿ ಕೂರಲು ಸಿದ್ದೇಶನನ್ನು ಕರೆಸಿದ್ದರು. ಅವನ ಹೆಸರು ಹೇಳಿದವನೂ ನಾನೇ.

"ಲೆಕ್ಕ ಸರಿಯಾಗಿ ಮಾಡು, ಸೋಮವಾರದಿಂದ ನೀನು ಇಲ್ಲೇ ಓದೋನು. ಫೀಜು ಬೇಡ" ಎಂದರು ಅವನಿಗೆ.

ನನ್ನ ಶರಟು, ಟೈ, ಬೂಟು ಅವನ ಮೈಮೇಲೆ ಹೋದವು. "ಲೋ, ಬೂಟು ಕಚ್ತದೆ ಕಣೋ" ಎಂದು ಕುಂಟುತ್ತಲೇ ನಕ್ಕ. ನಾನು ಬನಿಯನ್ನಿನಲ್ಲಿ, ಕೊಬ್ಬರಿಯ ಕಮಟು ವಾಸನೆಯ ನಡುವೆ ನಿಂತು ಕಿಟಕಿಯಿಂದ ನೋಡಿದೆ. ನನ್ನ ಹೆಸರು ಕೂಗಿದಾಗ ಅವನು "ಎಸ್ ಸಾರ್" ಅಂದ. ಬೋರ್ಡಿನ ಮೇಲಿನ ಭಿನ್ನರಾಶಿಯ ಲೆಕ್ಕವನ್ನು ಎಲ್ಲೂ ತಡವರಿಸದೆ ಬಿಡಿಸಿದ.

"ಖಾಸಗಿ ಶಾಲೆ ಅಂದ್ರೆ ಹೀಗಿರಬೇಕು ನೋಡಿ" ಎಂದರು ಇನ್‌ಸ್ಪೆಕ್ಟರು. ಮಾನ್ಯತೆ ಸಿಕ್ಕಿತು.

ಸೋಮವಾರ ಸಿದ್ದೇಶ ತಲೆಗೆ ಎಣ್ಣೆ ಹಚ್ಚಿಕೊಂಡು ಕ್ಲಾಸಿನ ಬಾಗಿಲಲ್ಲಿ ನಿಂತಿದ್ದ. ಹಳೇ ಶಾಲೆಯಲ್ಲಿ ಎಲ್ಲರಿಗೂ ಹೇಳಿ ಬಂದಿದ್ದ.

"ಯಾರೋ ನೀನು?" ಎಂದರು ಹೆಡ್‌ಮಾಸ್ತರು.

"ಅವತ್ತು ಲೆಕ್ಕ ಮಾಡಿದೋನು ಸಾ."

ಅವರು ನನ್ನ ಕಡೆ ತಿರುಗಿದರು. "ಲೆಕ್ಕ ಮಾಡಿದ್ದು ಯಾರೋ?"

ಸಿದ್ದೇಶ ನನ್ನನ್ನೇ ನೋಡುತ್ತಿದ್ದ. "ಹೇಳ್ಲಾ" ಅಂದ.

"ನಾನೇ ಸಾರ್" ಎಂದೆ. ನನ್ನನ್ನು ಯಾರೂ ಹೆದರಿಸಿರಲಿಲ್ಲ. ಅವನು ಪಕ್ಕದಲ್ಲಿ ಕೂತರೆ ನನ್ನ ದಡ್ಡತನ ದಿನವೂ ಬಯಲಾಗುತ್ತಿತ್ತು, ಅಷ್ಟೇ.

ಕ್ಲಾಸೆಲ್ಲ ನಕ್ಕಿತು. ಅವನು ಮತ್ತೆ ಯಾವ ಶಾಲೆಯ ಮೆಟ್ಟಿಲನ್ನೂ ಹತ್ತಲಿಲ್ಲ. ತಾಯಿಯ ಪಕ್ಕ ಕೂತು ಕಾಯಿ ಸುಲಿಯತೊಡಗಿದ. ನಾನು ಹೇಗೋ ಎಸ್ಸೆಸ್ಸೆಲ್ಸಿ ದಾಟಿದೆ.

ಈಗ ಆ ಖಾಸಗಿ ಶಾಲೆಗೆ ಮೂರು ಅಂತಸ್ತು. ಸರ್ಕಾರಿ ಶಾಲೆಗೆ ಮಕ್ಕಳಿಲ್ಲದೆ ಬೀಗ ಬಿದ್ದಿದೆ. ಹೋದ ವರ್ಷ ಸಿದ್ದೇಶನ ಮನೆಗೆ ಹೋಗಿ, "ಆ ಲೆಕ್ಕ ಮಾಡಿದ್ದು ನೀನು ಕಣೋ. ನನ್ನಿಂದ ತಪ್ಪಾಯ್ತು" ಅಂದೆ.

ಅವನು ನನಗೆ ಕೂರಲು ಚಾಪೆ ಹಾಸಿದ.

"ಬುಡಿ ಸಾವ್ಕಾರ್ರೇ. ನೀವು ಕಾನ್ವೆಂಟ್ನೋರು, ನೀವೇ ಮಾಡಿರ್ತೀರಿ. ಸರ್ಕಾರಿ ಶಾಲೇಲಿ ಕೂತಿದ್ದ ನನಗೆ ಅಂಥದ್ದೆಲ್ಲಿ ಬತ್ತಿತ್ತು?"

ಗೇಲಿ ಇದೆಯೇನೋ ಎಂದು ಅವನ ಮುಖ ನೋಡಿದೆ. ಇರಲಿಲ್ಲ. ಅವನು ಹಾಗೆಯೇ ನಂಬಿದ್ದ.