ಬಾಯಿಯವರ ಬಾಲಮಂದಿರ ಮತ್ತು ನನ್ನ ಹೊಟ್ಟೆಕಿಚ್ಚು

ಒಂದು ಬೆಳಿಗ್ಗೆ ನನ್ನ ಮಗಳು ಒಲೆಯ ಮುಂದೆ ಕೂತು ನನ್ನ ಹತ್ತಿರ ಪೇಜ ಕೇಳಿದಳು. ಪೇಜ ಎಂದರೆ ಕೊಂಕಣಿಯಲ್ಲಿ ಗಂಜಿ. ಅಂಕೋಲೆಯ ಸಂತೆಯಲ್ಲಿ ನಾನೂ ಕೇಳಿದ ಶಬ್ದವೇ. ಆದರೆ ನಾನು ಬೇಯಿಸಿದ ಗಂಜಿಯನ್ನು ನನ್ನ ಮಗಳೇ ಬೇರೆ ಹೆಸರಿನಿಂದ ಕರೆದಾಗ, ಯಾರದೋ ಮಗು ನಮ್ಮ ಮನೆಗೆ ಉಣ್ಣಲು ಬಂದಂತಾಯಿತು. ಯಾರು ಕಲಿಸಿದ್ದೆಂದು ಕೇಳಿದೆ. ಬಾಯಿ ಎಂದಳು.

ನನ್ನ ತವರಾದ ಅಂಕೋಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕು. ಕಾರವಾರದಲ್ಲಿ ಪಾಠ ಹೇಳುವ ಹೆಂಗಸಿಗೆ ಬಾಯಿ ಎನ್ನುತ್ತಾರೆ. ನನ್ನ ಯಜಮಾನರಿಗೆ ಇಲ್ಲಿಯ ಕಚೇರಿಯಲ್ಲಿ ಕಾರಕೂನಿಕೆ ಸಿಕ್ಕಿ, ನಾವು ಕೋಡಿಬಾಗ ಎಂಬ ಕೇರಿಯಲ್ಲಿ ಬಿಡಾರ ಮಾಡಿದೆವು. ಪಕ್ಕದ ಮನೆಯ ಜಗಲಿಯಲ್ಲಿ ಸುಮತಿಬಾಯಿ ಎಂಬವರು ಸಣ್ಣ ಮಕ್ಕಳಿಗಾಗಿ ಬಾಲಮಂದಿರ ನಡೆಸುತ್ತಿದ್ದರು. ನಾಲ್ಕು ವರ್ಷದ ನಮ್ಮ ನಾಗವೇಣಿಯನ್ನು ಅಲ್ಲಿಗೆ ಸೇರಿಸಿದವರು ಯಜಮಾನರೇ.

ನಮ್ಮಲ್ಲಿ ಆ ವಯಸ್ಸಿನ ಮಗು ತಾಯಿಯ ಸೆರಗು ಹಿಡಿದು ಗದ್ದೆಗೂ ಬಾವಿಗೂ ತಿರುಗುತ್ತದೆ. ಇಲ್ಲಿ ಬಾವಿಗೆ ನಾನೊಬ್ಬಳೇ. ಅಲ್ಲಿಯ ಹೆಂಗಸರು ನಗುತ್ತಾ ಕೊಂಕಣಿಯಲ್ಲಿ ಆಡುವ ಮಾತು ನನ್ನ ಬಗ್ಗೆಯೋ ಮೀನಿನ ಬಗ್ಗೆಯೋ ತಿಳಿಯದೆ ಕೊಡ ತುಂಬಿಸಿ ಬರುತ್ತಿದ್ದೆ. ಗೋಡೆಯಾಚೆ ನಾಗು ಮಾತ್ರ ಅದೇ ಮಾತಿನಲ್ಲಿ ಕಿಲಕಿಲ ನಗುತ್ತಿದ್ದಳು. ಆ ನಗು ಕೇಳಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು. ಮನೆಗೆ ಬಂದರೂ ಅದೇ: ಬಾಯಿ ಹೀಗೆ ಕೂರುತ್ತಾರೆ, ಬಾಯಿ ಹೀಗೆ ಉಣ್ಣುತ್ತಾರೆ. ಜಡೆ ಹಾಕಲು ಕೂತರೆ ಬಾಯಿಯವರ ಹಾಗೆ ಹಾಕು ಎನ್ನುತ್ತಿದ್ದಳು. ನಾನು ಬಾಚಣಿಕೆಯನ್ನು ತುಸು ಜೋರಾಗಿಯೇ ಎಳೆಯುತ್ತಿದ್ದೆ.

ಒಮ್ಮೆ ಬಾಯಿಯವರು ಎಲ್ಲ ಮಕ್ಕಳ ಮನೆಯವರನ್ನೂ ಬರಹೇಳಿದರು. ಒಳ್ಳೆಯ ಸೀರೆ ಉಟ್ಟು, ತಪ್ಪು ಹುಡುಕಬೇಕೆಂದೇ ಹೋದೆ. ಭಾಷಣವಿರುತ್ತದೆ ಎಂದುಕೊಂಡಿದ್ದೆ, ಇರಲಿಲ್ಲ. ಮಕ್ಕಳೇ ಬಾಗಿಲಲ್ಲಿ ನಿಂತು ನಮ್ಮ ಕೈ ಹಿಡಿದು ಒಳಗೆ ಕರೆದೊಯ್ದು ಚಾಪೆಯ ಮೇಲೆ ಕೂರಿಸಿದರು. ಕೆಲವರು ಸಮುದ್ರದ ಚಿಪ್ಪುಗಳನ್ನು ಸಣ್ಣದು ದೊಡ್ಡದು ಎಂದು ಜೋಡಿಸುತ್ತಿದ್ದರು. ದಪ್ಪ ಮೀಸೆಯ ಅಪ್ಪನೊಬ್ಬ ಮಗ ಹೇಳಿದಂತೆ ಹೂ ಪೋಣಿಸುತ್ತಾ ಬೆವರುತ್ತಿದ್ದ. ಬಾಯಿಯವರು ಒಂದು ಮೂಲೆಯಲ್ಲಿ ಸುಮ್ಮನೆ ನೋಡುತ್ತಾ ಕೂತಿದ್ದರು. ನಾಗು ಹಿತ್ತಾಳೆಯ ತಂಬಿಗೆಯಿಂದ ಲೋಟಕ್ಕೆ ನೀರು ಬಗ್ಗಿಸಿದಳು. ಅರ್ಧ ಚೆಲ್ಲಿತು. ನಾನು ಒರೆಸಲು ಬಗ್ಗಿದೆ. ಅವಳು ನನ್ನ ಕೈಯನ್ನು ಸರಿಸಿದಳು.

"ನೀ ಬ್ಯಾಡ. ನಾನೇ ಒರೆಸ್ತೆ."

ಅಷ್ಟು ಜನರ ಮುಂದೆ ನನ್ನ ಮುಖ ಬಿಸಿಯಾಯಿತು. ಎಲ್ಲರೂ ಹೊರಟ ಮೇಲೆ ಬಾಯಿಯವರ ಹತ್ತಿರ ಹೋಗಿ ಹೇಳಿಯೇಬಿಟ್ಟೆ: "ನಿಮ್ಮ ಹತ್ರ ಬರೂಕೆ ಹತ್ತಿದ ಮೇಲೆ ಕೂಸಿಗೆ ನನ್ ಕೈ ಬ್ಯಾಡಾಯ್ತು."

ಕೊಂಕಣಿ ಮನೆಮಾತಿನ ಅವರು ಕನ್ನಡದ ಶಬ್ದಗಳನ್ನು ಹುಡುಕುತ್ತಾ ನಿಧಾನವಾಗಿ ಹೇಳಿದರು: "ನನ್ನ ಕೈಯೂ ಅದಕ್ಕೆ ಬೇಡ. ಮೊನ್ನೆ ನಾನು ಒರೆಸೂಕೆ ಹೋದೆ. ಹೀಗೇ ನೂಕ್ತು."

ಸುಳ್ಳೇಕೆ ಹೇಳಲಿ, ಕಾರವಾರಕ್ಕೆ ಬಂದಮೇಲೆ ಅಷ್ಟು ಸಮಾಧಾನ ನನಗೆ ಯಾವತ್ತೂ ಆಗಿರಲಿಲ್ಲ.

ಆಮೇಲೆ ಬಾಯಿಯವರೇ ಕೇಳಿಕೊಂಡದ್ದರಿಂದ ಆಗಾಗ ಜಗಲಿಯಲ್ಲಿ ಕೂತು ಮಕ್ಕಳಿಗೆ ನಮ್ಮೂರಿನ ಹಾಡು ಕಲಿಸಿದೆ. ಮಕ್ಕಳು ಮನೆಗಳಲ್ಲಿ ಅದನ್ನೇ ಹಾಡಿದರು. ಬಾವಿಕಟ್ಟೆಯ ಹೆಂಗಸರು ನನ್ನನ್ನು ಮಾತಾಡಿಸತೊಡಗಿದರು. ಮಗು ಮನೆಯಲ್ಲೆಲ್ಲ ನನ್ನ ಹಾಡನ್ನೇ ಹಾಡುತ್ತಿದ್ದ ಒಬ್ಬ ತಾಯಿ ಮಾತ್ರ ನಗದೆ ನನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿದ್ದದ್ದು ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ಉರಿಯೂ ಪೂರ್ತಿ ಆರಿರಲಿಲ್ಲ.

ಈ ಸಲ ಹಬ್ಬಕ್ಕೆ ಅಂಕೋಲೆಗೆ ಹೋದಾಗ ನನ್ನ ಅವ್ವ ಮೊಮ್ಮಗಳಿಗಾಗಿ ಅನ್ನ ಕಲಸಿ ತುತ್ತು ಎತ್ತಿದಳು. ನಾಗು ತುಟಿ ಬಿಚ್ಚಲಿಲ್ಲ, ತಾನೇ ಉಣ್ಣುತ್ತೇನೆಂದು ತಟ್ಟೆ ಎಳೆದುಕೊಂಡಳು. ಅವ್ವನ ಕೈ ಹಾಗೇ ನಿಂತಿತು. ಆ ಸಂಕಟ ಎಂಥದೆಂದು ತಿಳಿದವಳೇ ನಾನು. ಆದರೂ, "ಬಿಡವ್ವ, ಅದೇ ಉಣ್ತದೆ" ಎಂದೆ.

ಅವ್ವ ಎದ್ದು ಕೈ ತೊಳೆದುಕೊಂಡಳು. ಬೆನ್ನು ತಿರುಗಿಸಿಯೇ ಕೇಳಿದಳು: "ನಿಮ್ಮೂರಲ್ಲಿ ಹಾಂಗೋ?"

ಹುಟ್ಟಿದ ಮನೆಯ ಅಡುಗೆಕೋಣೆಯಲ್ಲಿ ಕೂತ ನನಗೆ ಅವ್ವ ನಿಮ್ಮೂರು ಎಂದದ್ದು ಕಾರವಾರವನ್ನು. ಆ ಕಾರವಾರದಲ್ಲಿ ಇವತ್ತಿಗೂ ಯಾರೂ ನನ್ನ ಹೆಸರು ಹಿಡಿದು ಕರೆಯುವುದಿಲ್ಲ. ಅಂಕೋಲೆಯವಳು ಎಂದೇ ಕರೆಯುತ್ತಾರೆ.